ಮೀಸೆ ಬಂದ ಕೂಸಿಗೆ ಕುಲಾವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಎಲ್ಲರೂ ನಗುತ್ತಾರೆ. ನನ್ನ ಕಥೆ ಕೇಳಿದರೆ ಅವರೇ ಎಷ್ಟೋ ವಾಸಿ ಅನ್ನಿಸಬಹುದು. ಕೂಸು ಹುಟ್ಟಿ, ಬೆಳೆದು, ಮೀಸೆ ಬಂದ ಮೇಲೆ ಕುಲಾವಿ ತಂದವನು ನಾನು.

ಇಲ್ಲಿ ಕೂಸು ಅಂದರೆ ಹಾರ್ಡ್ ಡಿಸ್ಕ್. ಮನೆಯ ಹಳೇ ಡೆಸ್ಕ್‌ಟಾಪ್ ಒಂದು ದಿನ ಸದ್ದಿಲ್ಲದೆ ಕಣ್ಣು ಮುಚ್ಚಿತು. ಡಿಸ್ಕ್ ಮಾತ್ರ ಚೆನ್ನಾಗಿದೆ ಎಂದರು ರಿಪೇರಿಯವರು. ಇದನ್ನೇ ಒಂದು ಡಬ್ಬದಲ್ಲಿ ಕೂರಿಸಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಬ್ಯಾಕಪ್‌ಗೆ ಆಯ್ತಲ್ಲ ಅಂದುಕೊಂಡೆ. ಆ ಡಬ್ಬಕ್ಕೆ ಎನ್‌ಕ್ಲೋಷರ್ ಎಂದು ಹೆಸರು. ಹೆಸರೇನೇ ಇರಲಿ, ಡಬ್ಬ ಡಬ್ಬವೇ.

ಆರಿಸಿದ್ದು ಚಂದ ನೋಡಿ. ಕಪ್ಪಗೆ, ತೆಳ್ಳಗೆ, ಜೇಬಿಗೆ ಹಾಕಿಕೊಳ್ಳುವಷ್ಟು ಪುಟ್ಟದು. ಮನೆಗೆ ಬಂದ ಮೇಲೆ ಡಿಸ್ಕನ್ನು ಅದರ ಪಕ್ಕ ಇಟ್ಟೆ. ಅಜ್ಜನ ಪಕ್ಕ ಮೊಮ್ಮಗನ ಅಂಗಿ ಇಟ್ಟ ಹಾಗಿತ್ತು. ಡಬ್ಬ 2.5 ಇಂಚಿನ ಡಿಸ್ಕಿಗೆ, ಅಂದರೆ ಲ್ಯಾಪ್‌ಟಾಪಿನ ಡಿಸ್ಕಿಗೆ ಮಾಡಿದ್ದು. ನನ್ನದು ಡೆಸ್ಕ್‌ಟಾಪಿನದು. ಆದರೂ ಒಮ್ಮೆ ಒತ್ತಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಎರಡು ಸಲ ಒತ್ತಿ ನೋಡಿದೆ.

ಈ ಸಲ ಬುದ್ಧಿವಂತನಾಗಿ ಸ್ಕೇಲ್ ತಂದು ಡಿಸ್ಕಿನ ಅಗಲ ಅಳೆದೆ. ಸರಿಯಾಗಿ 4 ಇಂಚು. 4 ಇಂಚಿನ ಡಬ್ಬ ಎಂದು ಹುಡುಕಲು ಕೂತೆ. ಒಂದೂ ಸಿಗಲಿಲ್ಲ. ಆಮೇಲೆ ಗೊತ್ತಾಯಿತು, 4 ಇಂಚು ಅಗಲವಿರುವ ಡಿಸ್ಕನ್ನೇ ಲೋಕವೆಲ್ಲ 3.5 ಇಂಚಿನದು ಎಂದು ಕರೆಯುತ್ತದೆ! 3.5 ಇಂಚಿನ ಫ್ಲಾಪಿ ಡ್ರೈವ್ ಕೂರುತ್ತಿದ್ದ ಜಾಗದಲ್ಲಿ ಕೂರುತ್ತದೆ ಎಂದು ಆ ಹೆಸರು ಅಂಟಿಕೊಂಡಿತಂತೆ. ಫ್ಲಾಪಿ ಹೋಯಿತು, ಹೆಸರು ಉಳಿಯಿತು. 2.5 ಇಂಚಿನದೂ ಅಳೆದರೆ ಮುಕ್ಕಾಲು ಕಡಿಮೆ 3 ಇಂಚು ಎಂದು ಬರೆಯಲು ಹೊರಟಿದ್ದೆ. ತಪ್ಪು, ಕಾಲು ಕಡಿಮೆ 3. ನನ್ನ ಲೆಕ್ಕ ಇಂಥದ್ದು, ಅದಕ್ಕೇ ಇಷ್ಟೆಲ್ಲ ಆಗಿದ್ದು.

ಎರಡನೇ ಡಬ್ಬ ಬಂತು. ಡಿಸ್ಕ್ ಒಳಗೆ ಹೋಯಿತು. ಜೊತೆಗೆ ಒಂದು ದಪ್ಪ ಅಡಾಪ್ಟರ್. ಪುಟ್ಟ ಡಿಸ್ಕಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಈ ಅಜ್ಜನ ಮೋಟಾರ್ ತಿರುಗಲು 12 ವೋಲ್ಟ್ ಬೇಕು, ಅದಕ್ಕೇ ಬೇರೆ ಕರೆಂಟ್. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಇದ್ದದ್ದು ಒಂದೇ ಖಾಲಿ ಜಾಗ. ಅಡಾಪ್ಟರ್‌ಗೆ ಬೇಕಾದದ್ದು ಎರಡು. ಪಕ್ಕದಲ್ಲಿದ್ದ ಪ್ಲಗ್ ಕಿತ್ತು, ಇದನ್ನು ಸಿಕ್ಕಿಸಿದೆ.

"ರೀ, ನೆಟ್ ಹೋಯ್ತು!" ಒಳಗಿನಿಂದ ಹೆಂಡತಿಯ ಕೂಗು.

"ಕಂಪನಿಯವರದು ಯಾವಾಗಲೂ ಇದೇ ಗೋಳು" ಎಂದು ನಾನೂ ಗಟ್ಟಿಯಾಗಿ ಬೈದೆ. ಕಿತ್ತಿದ್ದು ರೂಟರಿನ ಪ್ಲಗ್ ಎಂದು ಗೊತ್ತಾದ ಮೇಲೆ ಮೆತ್ತಗಾದೆ.

ಈ ಡಬ್ಬ ಸೆಕೆಂಡಿಗೆ 10 ಗಿಗಾಬಿಟ್ ವೇಗದ್ದು ಅನ್ನೋ ಹೆಮ್ಮೆ ಬೇರೆ. ತಿರುಗುವ ಡಿಸ್ಕ್ ಅದರ ಕಾಲು ಭಾಗವನ್ನೂ ಮುಟ್ಟುವುದಿಲ್ಲ. ಎತ್ತಿನ ಗಾಡಿಗೆ ಎಂಟು ಸಾಲಿನ ಹೆದ್ದಾರಿ ಹಾಕಿಸಿದ ಹಾಗೆ. ಅದೂ ಹೋಗಲಿ, ಪರೀಕ್ಷೆಗೆ ಒಂದಿಷ್ಟು ಫೈಲ್ ಹಾಕಿದರೆ ಗಾಡಿ ಮುಂದೆ ಹೋಗುತ್ತಲೇ ಇಲ್ಲ. ಮಗಳು ಬಂದು ಇಣುಕಿದಳು. "ಅಪ್ಪಾ, ಅದು ಹಳೇ ಯುಎಸ್‌ಬಿ 2. ಪಕ್ಕದ ನೀಲಿ ತೂತಿಗೆ ಹಾಕು" ಎಂದಳು. ಹಾಕಿದೆ. ಓಡಿತು. ಅವಳು ಏನೂ ಹೇಳದೆ ಹೋದಳು, ಅದೇ ಜಾಸ್ತಿ ಚುಚ್ಚಿತು.

ಇನ್ನು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಇದ್ದದ್ದೆಲ್ಲ ಅಳಿಸಿ, ಹೊಸದಾಗಿ ಬ್ಯಾಕಪ್ ಶುರು ಮಾಡೋಣ ಎಂದು ಮೌಸ್ ಹಿಡಿದೆ. ಹೆಂಡತಿ ಬಂದು ಹಿಂದೆ ನಿಂತಳು.

"ರೀ, ಇದರಲ್ಲಿ ಮಗಳ ಚಿಕ್ಕಂದಿನ ಫೋಟೋ ಎಲ್ಲ ಇತ್ತಲ್ವಾ? ಅವು ಬೇರೆ ಎಲ್ಲಿವೆ?"

ಬೆರಳು ಅಲ್ಲೇ ನಿಂತಿತು. ಬೇರೆ ಎಲ್ಲೂ ಇರಲಿಲ್ಲ. ಇಷ್ಟು ದಿನ ಡಬ್ಬದ ಅಳತೆ, ವೋಲ್ಟು, ವೇಗ ಎಲ್ಲ ನೋಡಿದ್ದೆ. ಒಳಗೆ ಏನಿದೆ ಎಂದು ಮಾತ್ರ ನೋಡಿರಲಿಲ್ಲ.

ಸರಿ, ಇನ್ನೊಂದು ಡಿಸ್ಕ್ ಬೇಕಾಯಿತು. ಆ ಪುಟ್ಟ ಡಬ್ಬ ಸುಮ್ನೆ ಬಿದ್ದಿದೆಯಲ್ಲ, ಅದಕ್ಕೆ ಸರಿಯಾಗಿ 2.5 ಇಂಚಿನದೇ ತಂದೆ. ಜಾಗ ಜಾಸ್ತಿ ಇರಲಿ ಎಂದು ದೊಡ್ಡದನ್ನೇ ಆರಿಸಿದೆ. ಉದ್ದ ಸರಿ, ಅಗಲ ಸರಿ, ಪಿನ್ನೂ ಕೂತಿತು. ಮುಚ್ಚಳ ಮಾತ್ರ ಹಾಕಲಾಗಲಿಲ್ಲ. ಡಬ್ಬ ಹಿಡಿಸುವುದು 9.5 ಮಿಲಿಮೀಟರ್ ದಪ್ಪದ ಡಿಸ್ಕನ್ನು. ನಾನು ತಂದದ್ದು 15 ಮಿಲಿಮೀಟರ್.

ಈಗ ಫೋಟೋಗಳು ಎರಡು ಕಡೆ ಇವೆ. ಒಂದು ಕಡೆ ಅಡಾಪ್ಟರ್ ಇದೆ, ಇನ್ನೊಂದು ಕಡೆ ರಬ್ಬರ್ ಬ್ಯಾಂಡ್ ಇದೆ.