ಮೊದಲ ವರ್ಷಕ್ಕೆ ಸಿ ಭಾಷೆಯೇ ಬೇಕೆ?

ಶಿರಾ, ಪಾವಗಡ, ಗುಬ್ಬಿ ಕಡೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ತುಮಕೂರಿನ ಇಂಜಿನಿಯರಿಂಗ್, ಬಿಎಸ್ಸಿ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಜೀವನದ ಮೊದಲ ಪ್ರೋಗ್ರಾಂ ಬರೆಯುವುದು ಇಲ್ಲಿನ ಲ್ಯಾಬಿನಲ್ಲೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪರಿಚಯವೂ ಮೊದಲ ವರ್ಷಕ್ಕೆ ಬಂದಿದೆ. ಹಾಗಾದರೆ ಈ ಮಕ್ಕಳು ಸಿಯಿಂದ ಶುರು ಮಾಡಬೇಕೋ, ಪೈಥಾನ್‌ನಿಂದಲೋ?

ಪರ: ಸಿ ಮೊದಲು ಬರಲಿ

ಸಿ ಹಳೆಯದು, ನಿಜ. ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಅದನ್ನು ರೂಪಿಸಿದ್ದು 1972ರ ಸುಮಾರಿಗೆ. ಆದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಇವತ್ತಿಗೂ ಬಹುಪಾಲು ಸಿಯಲ್ಲೇ ಇದೆ. ನಾವೆಲ್ಲ ಇನ್‌ಸ್ಟಾಲ್ ಮಾಡಿಕೊಳ್ಳುವ ಪೈಥಾನ್ ಕೂಡ ಒಳಗೆ ಸಿಯಲ್ಲಿ ಬರೆದದ್ದೇ. ಹಾಗಾಗಿ ವಯಸ್ಸಿನ ಮಾತು ಬೇಡ.

ಲ್ಯಾಬಿನ ಮಾಮೂಲಿ ಪ್ರೋಗ್ರಾಂ ಒಂದನ್ನೇ ನೋಡಿ: ಫ್ಯಾಕ್ಟೋರಿಯಲ್, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗಿನ ಎಲ್ಲವನ್ನೂ ಗುಣಿಸಿದ ಫಲ. ಉತ್ತರವನ್ನು ಪೂರ್ಣಾಂಕಗಳಿಗಿರುವ ಇಂಟ್‌ನಲ್ಲಿಟ್ಟು ಬರೆದರೆ 12ಕ್ಕೆ 479001600 ಸರಿಯಾಗಿ ಬರುತ್ತದೆ. 13ಕ್ಕೆ ಬರಬೇಕಾದದ್ದು 6227020800. ಪರದೆಯ ಮೇಲೆ ಸಾಮಾನ್ಯವಾಗಿ ಕಾಣುವುದು 1932053504. ಇನ್ನು 14ಕ್ಕೆ 1278945280, ಅಂದರೆ 13ರದ್ದಕ್ಕಿಂತಲೂ ಕಡಿಮೆ! ಪ್ರೋಗ್ರಾಂ ನಿಲ್ಲುವುದಿಲ್ಲ, ತಪ್ಪಾಯಿತೆಂದು ಹೇಳುವುದೂ ಇಲ್ಲ. ಆ ಹೊತ್ತಿಗೆ ಮೇಷ್ಟ್ರು ಪಕ್ಕದಲ್ಲಿ ನಿಂತು, 32 ಬಿಟ್‌ಗಳ ಇಂಟ್ ಜಾಗದಲ್ಲಿ 2147483647ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ ಎಂದು ತೋರಿಸಿದರೆ ಆ ಪಾಠ ಮರೆಯುವಂಥದ್ದಲ್ಲ. ಪೈಥಾನ್‌ನಲ್ಲಿ ಸಂಖ್ಯೆ ಬೆಳೆದಂತೆ ಜಾಗವೂ ತಾನಾಗಿ ಬೆಳೆಯುತ್ತದೆ. ವಿದ್ಯಾರ್ಥಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇದು ಪುಸ್ತಕದ ಕಾಳಜಿ ಅನ್ನಿಸಬಹುದು. ತೋಟದ ಮಣ್ಣಿನ ತೇವ ನೋಡಿ ಮೋಟರ್ ಆನ್ ಮಾಡುವ ಪ್ರಾಜೆಕ್ಟನ್ನು ನಮ್ಮ ಮಕ್ಕಳು ಇಷ್ಟಪಟ್ಟು ಮಾಡುತ್ತಾರೆ. ಅದಕ್ಕೆ ಬಳಸುವ ಆರ್ಡುಯಿನೊ ಯುನೊ ಆರ್3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿರುವುದು 2 ಕಿಲೋಬೈಟ್ ರ್‍ಯಾಮ್. ಇಂಟ್‌ಗೆ 16 ಬಿಟ್ ಮಾತ್ರ, ಮಿತಿ 32767. ಬೋರ್ಡಿನ ಸಮಯವನ್ನು ಮಿಲಿಸೆಕೆಂಡಿನಲ್ಲಿ ಓದಿ ಇಂಟ್‌ನಲ್ಲಿಟ್ಟರೆ 33 ಸೆಕೆಂಡ್ ತುಂಬುವ ಮೊದಲೇ ಅದು ಋಣಸಂಖ್ಯೆಯಾಗುತ್ತದೆ. ಹತ್ತು ನಿಮಿಷಕ್ಕೆ ನಿಲ್ಲಬೇಕಾದ ಮೋಟರ್ ನಿಲ್ಲುವುದೇ ಇಲ್ಲ. ಯಂತ್ರದೊಳಗಿನ ಜಾಗ ಎಷ್ಟೆಂದು ಕೇಳಿಕೊಳ್ಳುವ ಅಭ್ಯಾಸ ಮೊದಲ ದಿನದಿಂದಲೇ ಬೀಳಬೇಕು. ಅದಕ್ಕೆ ಸಿಗಿಂತ ನೇರವಾದ ದಾರಿ ನನಗೆ ಕಂಡಿಲ್ಲ.

ವಿರೋಧ: ಮೊದಲು ಪೈಥಾನ್, ಆಮೇಲೆ ಸಿ

ಮೋಟರಿನ ಉದಾಹರಣೆ ಸರಿಯಾದದ್ದೇ, ಒಪ್ಪುತ್ತೇನೆ. ಆದರೆ ಅದು ಬೋರ್ಡ್ ಹಿಡಿದು ಕೆಲಸ ಮಾಡುವವರ ಸಮಸ್ಯೆ. ಸಿವಿಲ್ ಓದುವ ಹುಡುಗಿ, ಬಿಎಸ್ಸಿ ಭೌತಶಾಸ್ತ್ರದ ಹುಡುಗ ಮೊದಲ ತಿಂಗಳಲ್ಲಿ ಎಡವುವುದು ಬೇರೆ ಕಡೆ. ಸ್ಕ್ಯಾನ್‌ಎಫ್‌ನಲ್ಲಿ (ಕೀಬೋರ್ಡಿನಿಂದ ಮೌಲ್ಯ ಓದುವ ಫಂಕ್ಷನ್) ಒಂದು ಆಂಪರ್‌ಸ್ಯಾಂಡ್ (&) ಬಿಟ್ಟುಹೋದರೆ ಪ್ರೋಗ್ರಾಂ ಓಡುವಾಗ ಸಾಮಾನ್ಯವಾಗಿ 'ಸೆಗ್ಮೆಂಟೇಶನ್ ಫಾಲ್ಟ್' ಅಂದು ಸತ್ತುಹೋಗುತ್ತದೆ. ಯಾವ ಸಾಲಿನಲ್ಲಿ ತಪ್ಪಾಯಿತು ಎಂಬ ಸುಳಿವೂ ಅದರಲ್ಲಿಲ್ಲ. ಫ್ಯಾರನ್‌ಹೀಟನ್ನು ಸೆಲ್ಸಿಯಸ್ ಮಾಡಲು ಸೂತ್ರವನ್ನು ಪುಸ್ತಕದಲ್ಲಿದ್ದಂತೆ 5/9 ಎಂದು ಶುರು ಮಾಡಿ ಬರೆದರೆ ಸಿ ಅದನ್ನು ಪೂರ್ಣಾಂಕಗಳ ಭಾಗಾಕಾರವೆಂದು ತಿಳಿದು ಸೊನ್ನೆ ಮಾಡುತ್ತದೆ. ಯಾವ ಉಷ್ಣತೆ ಕೊಟ್ಟರೂ ಉತ್ತರ ಸೊನ್ನೆ. ಸೂತ್ರ ಸರಿಯಾಗಿ ಗೊತ್ತಿದ್ದ ಮಗು ತನಗೇ ಏನೂ ಬರುವುದಿಲ್ಲ ಅಂದುಕೊಳ್ಳುತ್ತದೆ.

ಅಲ್ಲಿಂದ ಮುಂದೆ ಬಾಯಿಪಾಠ. ಲ್ಯಾಬ್ ಪಟ್ಟಿಯ ಪ್ರೋಗ್ರಾಂಗಳನ್ನೆಲ್ಲ ಉರುಹೊಡೆದು, ಪರೀಕ್ಷೆಯಲ್ಲಿ ಚೀಟಿಗೆ ಬಂದದ್ದನ್ನು ಬರೆದು, ವೈವಾದಲ್ಲಿ ತಲೆ ತಗ್ಗಿಸಿ ಹೊರಬರುವ ಮಕ್ಕಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದಡ್ಡ ಮಕ್ಕಳಲ್ಲ ಅವರು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊಂದಿಕೊಂಡು ಬಂದವರು.

ಅದೇ ಮಕ್ಕಳ ಮುಂದೆ ತಿಪಟೂರು ಎಪಿಎಂಸಿಯ ಉಂಡೆ ಕೊಬ್ಬರಿ ಧಾರಣೆಯನ್ನು ಒಂದು ಸಿಎಸ್‌ವಿ ಫೈಲಿನಲ್ಲಿ (ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾಲುಗಳ ಫೈಲ್) ಇಡಿ. ಪೈಥಾನ್‌ನ ಪಾಂಡಾಸ್ ಲೈಬ್ರರಿ ಬಳಸಿ ಫೈಲ್ ಓದಿ, ತಿಂಗಳ ಸರಾಸರಿ ತೆಗೆದು, ಗ್ರಾಫ್ ಎಳೆಯಲು ಹತ್ತು ಸಾಲು ಸಾಕು. ಪೈಥಾನ್ 3ರಲ್ಲಿ ವೇರಿಯಬಲ್‌ಗಳಿಗೆ 'ಧಾರಣೆ', 'ತಿಂಗಳು' ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು; ಪ್ರೋಗ್ರಾಂ ಓಡುತ್ತದೆ. ಮನೆಯಲ್ಲಿ ಅಪ್ಪ ಕೊಬ್ಬರಿ ಈಗಲೇ ಮಾರಲೋ, ಇನ್ನಷ್ಟು ದಿನ ಇಟ್ಟುಕೊಳ್ಳಲೋ ಎಂದು ಯೋಚಿಸುವುದನ್ನು ನೋಡಿದ ವಿದ್ಯಾರ್ಥಿಗೆ ಆ ಗ್ರಾಫಿನಲ್ಲಿ ಕೇಳಲು ಹತ್ತು ಪ್ರಶ್ನೆಗಳಿರುತ್ತವೆ. ಇದೇ ಕೆಲಸವನ್ನು ಸಿಯಲ್ಲಿ ಮಾಡಹೊರಟರೆ ಸಾಲನ್ನು ಅಲ್ಪವಿರಾಮಗಳಲ್ಲಿ ಒಡೆದು ದಿನಾಂಕ ಬೇರ್ಪಡಿಸುವಷ್ಟರಲ್ಲೇ ಉತ್ಸಾಹ ಇಂಗಿರುತ್ತದೆ.

ಯಂತ್ರದ ಮಿತಿ ಪೈಥಾನ್‌ನಲ್ಲಿ ಕಾಣುವುದೇ ಇಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. 0.1ಕ್ಕೆ 0.2 ಕೂಡಿಸಿ ಎನ್ನಿ: 0.30000000000000004 ಬರುತ್ತದೆ. ಪೈಥಾನ್‌ನ ಗಣಿತ ಲೈಬ್ರರಿಯಾದ ನಂಪೈಯ 64 ಬಿಟ್ ಪೂರ್ಣಾಂಕಗಳಲ್ಲಿ 21ರ ಫ್ಯಾಕ್ಟೋರಿಯಲ್ ತೆಗೆದರೆ ಉತ್ತರ ಋಣಸಂಖ್ಯೆ. ತೋರಿಸುವ ಮನಸ್ಸು ಮೇಷ್ಟ್ರಿಗಿದ್ದರೆ ಆಯಿತು.

ಸಿ ಬೇಡವೆನ್ನುತ್ತಿಲ್ಲ. ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್‌ನವರಿಗೆ ಮೂರನೇ ಸೆಮಿಸ್ಟರ್‌ನಲ್ಲಿ ಅದು ಕಡ್ಡಾಯವಾಗಿ ಬರಲಿ, ಬೋರ್ಡಿನ ಜೊತೆಗೇ ಬರಲಿ. ಲೂಪ್, ಷರತ್ತು, ಫಂಕ್ಷನ್ ಅಷ್ಟರಲ್ಲಿ ಕೈಗೆ ಹತ್ತಿರುವುದರಿಂದ, ಈಗ ಸೆಮಿಸ್ಟರ್‌ನ ಕೊನೆಯಲ್ಲಿ ಗಡಿಬಿಡಿಯಲ್ಲಿ ಮುಗಿಸುವ ಪಾಯಿಂಟರ್‌ಗೆ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯಬಲ್) ಆಗ ಬೇಕಾದಷ್ಟು ವಾರಗಳು ಸಿಗುತ್ತವೆ.