ಮಗಳ ಬಾಣಂತನ ಬಿಟ್ಟು ಬಂದ ಅಜ್ಜಿ

ನನ್ನ ತಮ್ಮ ನನ್ನ ಮೇಲೆ ಸಿಟ್ಟಾಗಿ ಹತ್ತು ದಿನವಾಯಿತು. ತಪ್ಪು ನನ್ನದಲ್ಲ, ನಮ್ಮ ಎದುರು ಫ್ಲಾಟಿನಲ್ಲಿದ್ದ ಅಮೆರಿಕದ ಅಜ್ಜಿ ತಾತನದ್ದಂತೆ. "ಆ ಮಿಷನರಿಗಳು ಸೇರಿಕೊಂಡು ಅಮ್ಮನ ತಲೆ ಕೆಡಿಸಿದ್ದಾರೆ, ನೀನು ನೋಡ್ತಾ ಸುಮ್ನೆ ಇದ್ದೆ" ಅಂತ ನ್ಯೂಜೆರ್ಸಿಯಿಂದ ಫೋನ್ ಮಾಡಿ ಬೈದ. ಕೆಟ್ಟಿದೆಯೋ ಇಲ್ಲವೋ, ಪೂರ್ತಿ ಓದಿ ನೀವೇ ಹೇಳಿ.

ಅವರು ಯೂಟಾದವರು. ತಾತನಿಗೆ 68, ಅಜ್ಜಿಗೆ 66. ನಾವು ಮಾರ್ಮನ್ ಅಂತ ಕರೀತೀವಲ್ಲ, ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ, ಆ ಚರ್ಚು. ಹಾಗೆ ಕರೆಯಬೇಡಿ, ಪೂರ್ತಿ ಹೆಸರು ಹೇಳಿ ಅಂತ 2018ರಲ್ಲಿ ಅವರ ಚರ್ಚೇ ಕೇಳಿಕೊಂಡಿದೆ, ಆದರೆ ಆ ಪೂರ್ತಿ ಹೆಸರು ಗೂಡ್ಸ್ ರೈಲಿನಷ್ಟು ಉದ್ದ ಇದೆ, ಕ್ಷಮಿಸಿ. ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬ್ಯಾಡ್ಜು ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಹುಡುಗರನ್ನು ಕೆಲವರಾದರೂ ನೋಡಿರಬಹುದು. ಹುಡುಗರಾದರೆ ಎರಡು ವರ್ಷ, ಹುಡುಗಿಯರಾದರೆ ಒಂದೂವರೆ ವರ್ಷ ಧರ್ಮಪ್ರಚಾರಕ್ಕೆ ಅಂತ ಮನೆ ಬಿಟ್ಟು ಬರುತ್ತಾರೆ. ಅದೇ ಚರ್ಚಿನಲ್ಲಿ ರಿಟೈರ್ ಆದ ಗಂಡ ಹೆಂಡತಿಯನ್ನೂ ಜೋಡಿಯಾಗಿ ಕಳಿಸುತ್ತಾರೆ. ಆರು ತಿಂಗಳಿಂದ 23 ತಿಂಗಳವರೆಗೆ. ಸಂಬಳ ಒಂದು ರೂಪಾಯಿಯೂ ಇಲ್ಲ, ಖರ್ಚು ಅವರ ಉಳಿತಾಯದ್ದೇ. ಮನೆ ಬಾಡಿಗೆಯ ಹೊರೆ ಜಾಸ್ತಿ ಆಯಿತು ಅಂತ 2011ರಲ್ಲಿ ತಿಂಗಳಿಗೆ 1,400 ಡಾಲರಿಗಿಂತ ಹೆಚ್ಚಾದರೆ ಮೇಲಿನದ್ದು ಚರ್ಚೇ ಕೊಡುತ್ತದೆ ಅಂತ ಮಾಡಿದರು.

ಬ್ಯಾಡ್ಜಿನಲ್ಲಿ ತಾತ 'ಎಲ್ಡರ್', ಅಂದರೆ ಹಿರಿಯ, ಅಜ್ಜಿ 'ಸಿಸ್ಟರ್'. ಹತ್ತೊಂಬತ್ತು ವರ್ಷದ ಹುಡುಗನೂ 'ಎಲ್ಡರ್' ಅಂತ ಗೊತ್ತಾದ ದಿನ ಅಪ್ಪ ನಕ್ಕಿದ್ದೇ ನಕ್ಕಿದ್ದು.

ಅವರು ಬಂದ ವಾರವೇ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ. ಮತಾಂತರ ಮಾಡಿಸೋಕೆ ಬಂದಿದ್ದಾರೆ, ಮನೆ ಯಾಕೆ ಕೊಟ್ಟಿರಿ, ಇತ್ಯಾದಿ. ಸುಳ್ಳು ಯಾಕೆ ಹೇಳಲಿ, ನನಗೂ ಕಸಿವಿಸಿ ಇತ್ತು, ಈಗಲೂ ಇದೆ. ನಮ್ಮ ದೇವರು ಸಾಲದು, ಇನ್ನೊಂದು ದೇವರು ಬೇಕು ಅಂತ ಯಾರಾದರೂ ಮನೆ ಬಾಗಿಲಿಗೆ ಬಂದು ಹೇಳಿದರೆ ನನಗೆ ಇಷ್ಟವಾಗಲ್ಲ. ಆದರೆ ಈ ಹದಿನೆಂಟು ತಿಂಗಳಲ್ಲಿ ಅವರಿಬ್ಬರು ನಮ್ಮ ಮನೆಯಲ್ಲಿ ದೇವರ ವಿಷಯ ಎತ್ತಿದ್ದು ಒಂದೇ ಒಂದು ಸಲ, ಅದೂ ಅಮ್ಮನೇ ಕೇಳಿದ್ದಕ್ಕೆ. ಮನೆ ಮನೆ ತಿರುಗೋದು ಅವರ ಕೆಲಸವೇ ಅಲ್ಲ.

ಮತ್ತೇನು ಕೆಲಸ? ನಗಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕೋದು.

ಮಿಷನ್ನಿನ ಹುಡುಗ ಹುಡುಗಿಯರು ಉಳಿಯಲು ಮನೆ ಬೇಕಲ್ಲ. ಅದನ್ನು ಹುಡುಕೋದು, ಅಗ್ರಿಮೆಂಟ್ ಮಾಡಿಸೋದು, ಕರೆಂಟ್ ಬಿಲ್ ಕಟ್ಟೋದು, ಗ್ಯಾಸ್ ಸಿಲಿಂಡರ್ ಬಂತಾ ನೋಡೋದು, ವಾಟರ್ ಫಿಲ್ಟರ್ ಬದಲಾಯಿಸೋದು, ಇದಿಷ್ಟು ತಾತನ ಪಾಲಿಗೆ. ಜೀವಮಾನವೆಲ್ಲ ಯೂಟಾದಲ್ಲಿ ಸ್ವಂತ ಮನೆಯಲ್ಲಿದ್ದ ಮನುಷ್ಯನಿಗೆ ಹತ್ತು ತಿಂಗಳ ಅಡ್ವಾನ್ಸು ಅಂದರೆ ಏನು ಅಂತ ಅರ್ಥ ಮಾಡಿಸಲು ಅಪ್ಪನಿಗೆ ಒಂದು ಸಂಜೆ ಪೂರ್ತಿ ಬೇಕಾಯಿತು. "ಅಷ್ಟು ದುಡ್ಡು ಅವರು ಏನು ಮಾಡ್ತಾರೆ?" ಅಂತ ತಾತ. "ಅದನ್ನ ಕೇಳಬಾರದು" ಅಂತ ಅಪ್ಪ. ಬ್ಯಾಂಕಿನಿಂದ ರಿಟೈರ್ ಆಗಿ ಏಳು ವರ್ಷದಿಂದ ಪೇಪರ್ ಓದಿಕೊಂಡು, ಸೊಸೈಟಿ ಮೀಟಿಂಗಿನಲ್ಲಿ ಜಗಳ ಆಡಿಕೊಂಡಿದ್ದ ಅಪ್ಪ ಅಲ್ಲಿಂದ ಮುಂದೆ ತಾತನ ಜೊತೆ ಆಟೋ ಹತ್ತಲು ಶುರು ಮಾಡಿದರು. ಬ್ರೋಕರ್ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡೋದು ಅಪ್ಪ, ಪಕ್ಕದಲ್ಲಿ ನಿಂತು ತಲೆ ಆಡಿಸೋದು ತಾತ. ಒಂದು ದಿನ ನಾನು ಅಪ್ಪನಿಗೆ ಮಾತ್ರೆ ಕೊಡಲು ಹುಡುಗರ ಮನೆಗೆ ಹೋದರೆ ತಾತ ಅಡುಗೆಮನೆ ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದ್ದಾರೆ, ಟೈ ಹೆಗಲ ಹಿಂದೆ ಎಸೆದುಕೊಂಡಿದ್ದಾರೆ, ಅಪ್ಪ ಮೊಬೈಲ್ ಟಾರ್ಚ್ ಹಿಡಿದು ಕೂತು "ಸ್ವಲ್ಪ ಲೆಫ್ಟ್, ಲೆಫ್ಟ್" ಅಂತಿದ್ದಾರೆ. ಎರಡು ರೂಪಾಯಿಯ ವಾಷರ್ರು. ಅಪ್ಪ ನಮ್ಮ ಮನೆಯಲ್ಲಿ ಒಂದು ಬಲ್ಬ್ ಬದಲಾಯಿಸಿದವರಲ್ಲ.

ಹಾಗಂತ ಇದೆಲ್ಲ ಬರೀ ಸಮಾಜಸೇವೆ ಅಂತ ನಾನು ಹೇಳಲ್ಲ. ನಲ್ಲಿ ರಿಪೇರಿ ಆಗೋದು ಆ ಹುಡುಗರು ಚೆನ್ನಾಗಿದ್ದು ಅವರ ಧರ್ಮದ ಕೆಲಸ ಮಾಡಲಿ ಅಂತಲೇ. ಅದನ್ನು ತಾತನೂ ಮುಚ್ಚಿಡಲಿಲ್ಲ.

ಅಮ್ಮ ಮತ್ತು ಅಜ್ಜಿಯ ಕಥೆ ಬೇರೆ. ಅದು ಕೆಟ್ಟದಾಗಿ ಶುರುವಾಯಿತು, ಕಾಫಿಯಿಂದ. ಮೊದಲ ದಿನ ಅಮ್ಮ ಹೊಸದಾಗಿ ಡಿಕಾಕ್ಷನ್ ಇಳಿಸಿ, ಹಬ್ಬಕ್ಕೆ ಮಾತ್ರ ತೆಗೆಯುವ ಬೆಳ್ಳಿ ಲೋಟದಲ್ಲಿ ನೊರೆ ಬರಿಸಿ ತಂದುಕೊಟ್ಟರೆ ಇಬ್ಬರೂ ಕೈ ಜೋಡಿಸಿ ಬೇಡ ಅಂದುಬಿಟ್ಟರು. ಅವರ ಚರ್ಚಿನಲ್ಲಿ ಕಾಫಿ, ಟೀ ಎರಡೂ ಕುಡಿಯುವಂತಿಲ್ಲ. ಹೆಂಡ, ಸಿಗರೇಟು ಬಿಡಿ, ಅದು ಅಮ್ಮನಿಗೆ ಅರ್ಥವಾಗುತ್ತದೆ, ಕಾಫಿ ಏನು ಪಾಪ ಮಾಡಿದೆ? ಎರಡು ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಧನಿಯಾ ಜೀರಿಗೆ ಕಷಾಯ ಮಾಡಿಕೊಟ್ಟರು, ಅದಕ್ಕೆ ಅಡ್ಡಿಯಿಲ್ಲ ಅಂತ ಗೊತ್ತಾಯಿತು, ಅಲ್ಲಿಗೆ ಸ್ನೇಹ ಕುದುರಿತು. ತಿಂಗಳ ಮೊದಲ ಭಾನುವಾರ ಅವರು ಎರಡು ಹೊತ್ತು ಉಪವಾಸ ಇದ್ದು ಆ ಊಟದ ದುಡ್ಡನ್ನು ಬಡವರಿಗೆ ಕೊಡುತ್ತಾರೆ ಅಂತ ಕೇಳಿದ ಮೇಲಂತೂ ಏಕಾದಶಿ ಮಾಡುವ ಅಮ್ಮನಿಗೆ ಅವರ ಮೇಲೆ ಗೌರವವೇ ಬಂತು.

ಅಜ್ಜಿ ಬೆಳಿಗ್ಗೆ ಆರಕ್ಕೆ ಬಾಲ್ಕನಿಯಲ್ಲಿ ಕೂತು ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡುತ್ತಿದ್ದರು. ಬೇಸಿಗೆಯಲ್ಲಾದರೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಆಮೇಲೆ ಮಿಷನ್ ಆಫೀಸು, ಲೆಕ್ಕಪತ್ರ, ಜ್ವರ ಬಂದ ಹುಡುಗಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗೋದು. ಸಂಜೆ ಅಮ್ಮನ ಜೊತೆ ತರಕಾರಿ ಗಾಡಿ. "ಸ್ವಲ್ಪ ಕಡಿಮೆ ಮಾಡಿ" ಅಂತ ಕಲಿತುಬಿಟ್ಟಿದ್ದರು, ಕಡಿಮೆ ಮಾಡಿದರೆ ಪಾಪ ಅನ್ನಿಸಿ ಮತ್ತೆ ಜಾಸ್ತಿ ಕೊಟ್ಟು ಬರುತ್ತಿದ್ದರು. ಕುಕ್ಕರ್ ವಿಷಲ್ಲಿಗೆ ಮಾತ್ರ ಕೊನೆವರೆಗೂ ಬೆಚ್ಚಿ ಬೀಳುತ್ತಿದ್ದರು.

ಅವರು ಇಲ್ಲಿದ್ದಾಗಲೇ ಅವರ ಮಗಳಿಗೆ ಹೆರಿಗೆ ಆಯಿತು. ಅಮ್ಮ ಖುಷಿಯಿಂದ "ಯಾವಾಗ ಹೊರಡ್ತೀರಾ?" ಅಂತ ಕೇಳಿದರು. ಅಜ್ಜಿ ಹೊರಡಲಿಲ್ಲ. ಬೇಕಿದ್ದರೆ ಸ್ವಂತ ಖರ್ಚಿನಲ್ಲಿ ಕೆಲವು ದಿನ ಹೋಗಿಬರಲು ಅವಕಾಶ ಇತ್ತು, ಆದರೂ ಹೋಗಲಿಲ್ಲ. "ಅವಳಿಗೆ ಗಂಡ ಇದ್ದಾನೆ. ನಮ್ಮ ಚರ್ಚಿನ ಹೆಂಗಸರು ದಿನಕ್ಕೊಬ್ಬರು ಊಟ ತಂದುಕೊಡ್ತಾರೆ. ನಾನು ಆಮೇಲೆ ಮಗುವನ್ನ ನೋಡ್ತೀನಿ" ಅಂದರು. ಅವತ್ತು ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ "ಎಂಥ ಕಲ್ಲು ಮನಸ್ಸಿನ ಹೆಂಗಸೇ ಅವಳು, ಹೆತ್ತ ಮಗಳ ಬಾಣಂತನ ಬಿಟ್ಟು ಇಲ್ಲಿ ಯಾರದ್ದೋ ಮನೆ ಗ್ಯಾಸ್ ಲೆಕ್ಕ ಬರೀತಾ ಕೂತಿದ್ದಾಳೆ" ಅಂದರು. ಅಜ್ಜಿ ಮರುದಿನ ಬಾಲ್ಕನಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದದ್ದನ್ನು ನಾನು ನೋಡಿದೆ. ಅಮ್ಮನಿಗೆ ಹೇಳಲಿಲ್ಲ.

ಒಂದೆರಡು ತಿಂಗಳು ಕಳೆದಿರಬೇಕು. ಅಜ್ಜಿ ತಾತ ಇಬ್ಬರೂ ಸಂಜೆ ಕೈ ಹಿಡಿದುಕೊಂಡು ಗೇಟಿನ ಹತ್ತಿರ ಎಳನೀರು ಕುಡಿಯೋದನ್ನು ಅಮ್ಮ ಕಿಟಕಿಯಿಂದ ನೋಡುತ್ತಾ ಅವರೆಕಾಳು ಬಿಡಿಸುತ್ತಿದ್ದರು. ನನ್ನ ಕಡೆ ತಿರುಗದೆ ಹೇಳಿದರು: "ನ್ಯೂಜೆರ್ಸಿಯಲ್ಲಿ ಆರು ತಿಂಗಳಿದ್ದೆ ಕಣೇ. ನಿಮ್ಮಪ್ಪನ ಜೊತೆ ಒಂದು ದಿನ ವಾಕಿಂಗ್ ಹೋಗಿಲ್ಲ ನಾನು."

ನಿಜ. ತಮ್ಮನ ಮೊದಲ ಮಗುವಿನ ಬಾಣಂತನಕ್ಕೆ ಹೋಗಿದ್ದು ಚಳಿಗಾಲದಲ್ಲಿ. ವೀಸಾದಲ್ಲಿ ಸಿಗುವ ಆರು ತಿಂಗಳನ್ನೂ ಪೂರ್ತಿ ಮುಗಿಸಿಯೇ ಬಂದರು. ಮಗುವಿಗೆ ಎಣ್ಣೆ ನೀರು, ಸೊಸೆಗೆ ಪಥ್ಯದ ಅಡುಗೆ, ಡಿಶ್‌ವಾಷರ್ ತುಂಬೋದು, ಖಾಲಿ ಮಾಡೋದು. ಅಪ್ಪ ಸೋಫಾದ ಮೇಲೆ ಯೂಟ್ಯೂಬು. ನನ್ನ ತಮ್ಮ ಕೆಟ್ಟವನಲ್ಲ, ಟಿಕೆಟ್ ಅವನೇ ಮಾಡಿಸಿದ್ದು, ನಯಾಗರಾವನ್ನೂ ತೋರಿಸಿದ. ಆದರೆ "ಬರ್ತೀರಾ?" ಅಂತ ಅವನು ಕೇಳಲಿಲ್ಲ. "ಡೇಟ್ ಹೀಗಿದೆ" ಅಂತ ಹೇಳಿದ ಅಷ್ಟೇ. ನಾವು ಯಾರೂ ಕೇಳಲ್ಲ. ನಾನೂ ನನ್ನ ಎರಡು ಹೆರಿಗೆಗೆ ಕೇಳಲಿಲ್ಲ. ಅಪ್ಪ ಅಮ್ಮ ರಿಟೈರ್ ಆದರು ಅಂದರೆ ನಮ್ಮ ಮನೆಗಳಿಗೆ ಇಬ್ಬರು ಆಳು ಸಿಕ್ಕರು ಅಂತ ನಮ್ಮ ಲೆಕ್ಕ, ಅದೂ ಒಬ್ಬರು ಇಲ್ಲಿ, ಒಬ್ಬರು ಅಲ್ಲಿ. ನನ್ನ ಪರಿಚಯದವರ ಮನೆಯಲ್ಲೇ ಅತ್ತೆ ಡಲ್ಲಾಸಿನಲ್ಲಿ, ಮಾವ ಮೈಸೂರಿನಲ್ಲಿ.

ಯೂಟಾದವರದ್ದೇ ಸರಿ ಅಂತಲ್ಲ. ಡಾಲರ್ ಪೆನ್ಷನ್ ಇದೆ, ಮಂಡಿ ಗಟ್ಟಿಯಿದೆ, ಹಿಂದೆ ಊಟ ತಂದುಕೊಡುವ ಒಂದು ಸಮುದಾಯವಿದೆ, ಬರುತ್ತಾರೆ. ಹಿಂದೆ ಬರುತ್ತಿದ್ದವರ ಕಥೆ ಬೇರೆ. ಕಿಟ್ಟೆಲ್ ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದಾಗ ಇಪ್ಪತ್ತೊಂದರ ಹುಡುಗ, ನಿಘಂಟು ಅಚ್ಚಾಗಿ ಬಂದಿದ್ದು 1894ರಲ್ಲಿ. ಅದು ಆಯಸ್ಸನ್ನೇ ಕೊಟ್ಟ ಲೆಕ್ಕ. ಇವರದ್ದು ಹದಿನೆಂಟು ತಿಂಗಳು, ರಿಟರ್ನ್ ಟಿಕೆಟ್. ಆದರೆ ಈ ವಯಸ್ಸಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಒಂದು ಕೆಲಸ, ಇಬ್ಬರ ಹೆಸರಿಗೂ ಒಂದೊಂದು ಬ್ಯಾಡ್ಜು, ಇದು ನನಗೆ ಹೊಟ್ಟೆಕಿಚ್ಚಾಗುವಷ್ಟು ಇಷ್ಟವಾಯಿತು. ಮಠ, ದೇವಸ್ಥಾನ, ಸರ್ಕಾರಿ ಶಾಲೆ, ಯಾವುದಾದರೂ ಆಗಲಿ, ನಮ್ಮಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಜೋಡಿಯಾಗಿ ಕರೆದು ನೀವು ಬೇಕು ಅಂದವರನ್ನು ನಾನು ನೋಡಿಲ್ಲ.

ಹೋದ ತಿಂಗಳು ಅವರು ಹೊರಟರು. ಸ್ಪ್ಯಾನರ್ ಸೆಟ್ಟು ಅಪ್ಪನಿಗೆ. ಅಮ್ಮ ಎರಡು ಕೆಜಿ ಕಷಾಯದ ಪುಡಿ ಕಟ್ಟಿಕೊಟ್ಟರು.

ತಮ್ಮನ ಹೆಂಡತಿಗೆ ಈಗ ಎರಡನೆಯದು. ಡೇಟ್ ಹೀಗಿದೆ ಅಂತ ಅವನು ಫೋನ್ ಮಾಡಿದಾಗ ಅಮ್ಮ ಹೇಳಿದ್ದು ಇಷ್ಟು: "ಬರ್ತೀನಿ ಮಗಾ. ಎರಡು ತಿಂಗಳು. ಇಬ್ಬರೂ ಬರ್ತೀವಿ. ಸಂಜೆ ಐದರಿಂದ ಆರೂವರೆ ನಾವು ಮನೇಲಿ ಇರಲ್ಲ, ವಾಕಿಂಗ್ ಹೋಗ್ತೀವಿ. ಹಿಮ ಬಿದ್ದರೂ."