ಏನು ಬಂತು ಸರ್?

ಮೊದಲು ರೀಸ್ಟಾರ್ಟ್ ಮಾಡಿ ಅನ್ನುವುದು. ಮಾಡಿದ ಮೇಲೆ, ರೀಸ್ಟಾರ್ಟ್‌ಗೂ ಮುಂಚಿನ ಲಾಗ್, ಅಂದರೆ ಮೆಷಿನ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ, ಕಳಿಸಿ ಅನ್ನುವುದು. ಈ ನ್ಯಾಯ ಸಪೋರ್ಟ್‌ನವರ ಹತ್ತಿರ ಮಾತ್ರ ಸಿಗುತ್ತದೆ.

ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಈಚೆಗೆ ಮಧ್ಯಾಹ್ನದ ನಿದ್ದೆ ಅಂಟಿಕೊಂಡಿದೆ. ಊಟಕ್ಕೆ ಏಳುವಾಗ ಮುಚ್ಚಿಟ್ಟು, ಬಂದು ತೆರೆದರೆ ಪರದೆ ಕಪ್ಪು. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಯಜಮಾನರು ಏಳುವುದಿಲ್ಲ. ಮಂಗಳೂರಿನ ಸೆಕೆಗೆ ಗಂಜಿ ಉಂಡರೆ ನನಗೂ ಹಾಗೇ ಆಗುತ್ತದೆ. ಆದರೆ ನನ್ನ ಹತ್ತಿರ ಯಾರೂ ಲಾಗ್ ಕೇಳುವುದಿಲ್ಲ.

ಸಪೋರ್ಟ್ ಹುಡುಗ ಇರುವುದು ಬೆಂಗಳೂರಿನಲ್ಲಿ. ಒಳ್ಳೆಯವನೇ. ‘ಜರ್ನಲ್‌ಸಿಟಿಎಲ್, ಸ್ಪೇಸ್, ಮೈನಸ್ ಬಿ, ಸ್ಪೇಸ್, ಮೈನಸ್ ಒಂದು ಹೊಡೀರಿ ಸರ್’ ಎಂದ. ಅಂದರೆ ಹಿಂದಿನ ಸಲ ಮೆಷಿನ್ ಆನ್ ಆಗಿದ್ದಾಗಿನ ಕತೆ. ಅಂಥ ಕತೆಯೇ ಇಲ್ಲ ಎಂದಿತು ಲ್ಯಾಪ್‌ಟಾಪ್. ವರ್ ಒಳಗೆ ಲಾಗ್, ಅದರೊಳಗೆ ಜರ್ನಲ್ ಅಂತ ಒಂದು ಫೋಲ್ಡರ್ ಇಲ್ಲದಿದ್ದರೆ ಲಾಗ್ ಎಲ್ಲ ಮೆಮೊರಿಯಲ್ಲೇ ಇದ್ದು, ಆಫ್ ಆದ ಕೂಡಲೇ ಅಳಿಸಿಹೋಗುತ್ತದಂತೆ. ಕಪ್ಪು ಪರದೆಯ ಮುಂದೆ ಕೂತವನಿಗೆ ರೀಸ್ಟಾರ್ಟ್ ಬಿಟ್ಟು ಬೇರೆ ದಾರಿ ಇರಲಿಲ್ಲ, ಸರಿ. ಆದರೂ ಸಿಟ್ಟು ಯಾರ ಮೇಲಾದರೂ ಬರಬೇಕಲ್ವಾ?

‘ಹಾಗಾದ್ರೆ ಸುಡೋ, ಸ್ಪೇಸ್, ಡಿ ಎಂ ಇ ಎಸ್ ಜಿ. ಏನು ಬಂತು ಸರ್?’

ಇದು ಅವನ ಚಟ. ಎಂಟರ್ ಒತ್ತುವ ಮೊದಲೇ ಏನು ಬಂತು ಸರ್.

‘ಪಾಸ್‌ವರ್ಡ್ ಕೇಳ್ತಾ ಉಂಟು. ಹೊಡೆದರೆ ಬೀಳ್ತಾ ಇಲ್ಲ.’

‘ಬೀಳುತ್ತೆ ಸರ್, ಕಾಣಲ್ಲ. ಏನು ಬಂತು?’

ಬಂದದ್ದು ಮೆಷಿನ್ನಿನ ಒಳಗಿನ ಸಂದೇಶಗಳು, ಸಾವಿರಾರು ಸಾಲು. ಕೆಂಪು ಬಣ್ಣದ್ದನ್ನು ಮಾತ್ರ ಓದಿ ಎಂದ. ಓದಿದೆ. ಸೊನ್ನೆ ಎಕ್ಸ್ ಸೊನ್ನೆ ಸೊನ್ನೆ ಎಫ್ ಎಫ್. ‘ಎಸ್ಸಾ ಸರ್, ಎಫ್ಫಾ?’ ಎಫ್ಫು ಮಾರಾಯ, ಫ್ಯಾನಿನ ಎಫ್ಫು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿ ಬಂದರು. ‘ಯಾರಿಗೆ ನೀನು ಅಷ್ಟು ನಂಬರ್ ಹೇಳುವುದು? ಓಟಿಪಿಯಾ? ಇಡು ಫೋನ್!’ ಆ ಕಡೆಯಿಂದ, ‘ಅವರು ಹೇಳಿದ್ದು ಏನು ಬಂತು ಸರ್?’

ಕೊನೆಗೆ ಸಾಸ್ ರಿಪೋರ್ಟ್ ಎಂಬ ಬ್ರಹ್ಮಾಸ್ತ್ರ. ಮೆಷಿನ್ನಿನ ಜಾತಕವನ್ನೆಲ್ಲ ಒಂದೇ ಗಂಟು ಕಟ್ಟಿ ಕೊಡುತ್ತದೆ. ಕೊಟ್ಟಿತು, ವರ್ ಟಿಎಂಪಿ ಎಂಬ ಫೋಲ್ಡರಿನಲ್ಲಿ. ಮೇಲ್‌ಗೆ ಹಾಕಲು ಹೋದರೆ ಪರ್ಮಿಷನ್ ಇಲ್ಲ. ಫೈಲ್ ರೂಟ್‌ನದ್ದಂತೆ, ಅಂದರೆ ಮೆಷಿನ್ನಿನ ಸರ್ವಾಧಿಕಾರಿ ಖಾತೆಯದ್ದು. ಇಎಂಐ ಕಟ್ಟುವುದು ನಾನು, ಫೈಲ್ ಮಾತ್ರ ರೂಟ್‌ನದ್ದು! ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಕಳಿಸಿದೆ. ‘ಸಿಕ್ತು ಸರ್. ಆದ್ರೆ ಇದರಲ್ಲಿ ಹ್ಯಾಂಗ್ ಆದಾಗಿನದ್ದು ಇಲ್ವಲ್ಲ?’

ನಾನು ಸಣ್ಣವನಿದ್ದಾಗ ರಥಬೀದಿಯ ಹತ್ತಿರ ಒಬ್ಬರು ರೇಡಿಯೋ ರಿಪೇರಿಯವರಿದ್ದರು. ಅಪ್ಪ ಟವೆಲಿನಲ್ಲಿ ಸುತ್ತಿ ಒಯ್ದ ರೇಡಿಯೋವನ್ನು ಅವರು ಕಿವಿಯ ಹತ್ತಿರ ಹಿಡಿದು, ಬೆರಳಲ್ಲಿ ಎರಡು ಸಲ ತಟ್ಟಿ, ‘ನಾಳೆ ಸಂಜೆ ಬನ್ನಿ’ ಅನ್ನುತ್ತಿದ್ದರು. ಅಪ್ಪನ ಹತ್ತಿರ ಒಂದು ಪ್ರಶ್ನೆಯನ್ನೂ ಕೇಳಿದ್ದು ನಾನು ನೋಡಿಲ್ಲ. ಬರುವಾಗ ನನಗೊಂದು ಐಸ್‌ಕ್ಯಾಂಡಿ ಬೇರೆ.

ಈಗ ಆ ಜರ್ನಲ್ ಫೋಲ್ಡರ್ ಮಾಡಿಟ್ಟಿದ್ದೇನೆ. ಇನ್ನು ಹ್ಯಾಂಗ್ ಆದರೆ ಲಾಗ್ ಡಿಸ್ಕಿನಲ್ಲಿ ಉಳಿಯುತ್ತದೆ. ಅವತ್ತಿನಿಂದ ಲ್ಯಾಪ್‌ಟಾಪ್ ಒಮ್ಮೆಯೂ ಹ್ಯಾಂಗ್ ಆಗಿಲ್ಲ. ಮುಚ್ಚುತ್ತೇನೆ, ತೆರೆಯುತ್ತೇನೆ, ಥಟ್ಟನೆ ಎದ್ದು ಕೂರುತ್ತದೆ. ಹುಡುಗ ದಿನಾ ಆಸೆಯಿಂದ ಫೋನ್ ಮಾಡುತ್ತಾನೆ. ‘ಹ್ಯಾಂಗ್ ಆಯ್ತಾ ಸರ್?’ ಇಲ್ಲಪ್ಪ ಎಂದರೆ ಪಾಪ, ದನಿ ಇಳಿಯುತ್ತದೆ. ಅವನಿಗೆ ಬೇಜಾರಾಗುತ್ತದಲ್ಲ ಎಂದು ಮತ್ತೆರಡು ಸಲ ಮುಚ್ಚಿ ತೆರೆಯುತ್ತೇನೆ.

ಅಮ್ಮ ನೋಡಿ ನೋಡಿ ಸಾಕಾಗಿ ಕೇಳಿದರು: ‘ಆ ಮುಚ್ಚಳ ಕಿತ್ತು ಕೈಗೆ ಬಂದ ಮೇಲೆ ಅವನಿಗೆ ಎಂತ ಹೇಳ್ತಿ, ಏನು ಬಂತು ಅಂತ ಕೇಳಿದ್ರೆ?’